ಮಸಿಬಟ್ಟೆ ಇದ್ದ ಪರದೆ

ನನ್ನ ತಂಗಿಯ ಗಂಡನನ್ನು ಕಲಾವಿದ ಎಂದು ಕರೆದರೆ ಅವನು ತಿರುಗಿ, ಹಿಂದೆ ಯಾರು ಬಂದರೆಂದು ನೋಡುತ್ತಾನೆ. ಪೇಂಟರ್ ಎಂದರೆ ಓಗೊಡುತ್ತಾನೆ. ಪೇಟೆಯವರು ಅರೆಗಣ್ಣ ಎನ್ನುತ್ತಾರೆ, ಅದಕ್ಕೂ ಓಗೊಡುತ್ತಾನೆ. ಫೋಟೋ ಸ್ಟುಡಿಯೋಗಳಲ್ಲಿ ಗಿರಾಕಿಗಳ ಬೆನ್ನ ಹಿಂದೆ ಇಳಿಬಿಡುವ ದೊಡ್ಡ ಪರದೆಗಳನ್ನು ಬರೆಯುವುದು ಅವನ ಕಸುಬಾಗಿತ್ತು. ಮೂವತ್ತೇಳು ವರ್ಷಗಳಲ್ಲಿ ಅರವತ್ತಕ್ಕೂ ಹೆಚ್ಚು ಅರಮನೆ ಕಟ್ಟಿದ. ತಾನು ಮಾತ್ರ ಎರಡು ಕೋಣೆಯ ಮನೆಯಲ್ಲಿದ್ದ. ಆ ಮನೆಯ ಹಜಾರದ ಗೋಡೆ ಮದುವೆಯಾದ ವರ್ಷ ಬಣ್ಣ ಕಂಡದ್ದು, ಆಮೇಲೆ ಕಂಡಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನನ್ನ ತಂಗಿ ವಾರಕ್ಕೊಮ್ಮೆಯಾದರೂ ಉಪಯೋಗಿಸುತ್ತಾಳೆ.

ಅವನು ಹುಟ್ಟಾ ಚಿತ್ರಗಾರನೇನಲ್ಲ. ಮಗು ಇದ್ದಿಲು ಹಿಡಿದು ಗೋಡೆಯ ಮೇಲೆ ಕುದುರೆ ಬರೆಯಿತು ಎಂಬಂಥ ಕತೆಯನ್ನು ಅವನ ತಾಯಿ ಕೂಡ ಹೇಳಿದ್ದಿಲ್ಲ. ಬಾಗಿಲು, ಕಿಟಕಿ, ಗೇಟುಗಳಿಗೆ ಬಣ್ಣ ಹೊಡೆಯುತ್ತಿದ್ದ. ಇಪ್ಪತ್ತನೆಯ ವಯಸ್ಸಿನಲ್ಲಿ ಪೇಟೆಯ ಸ್ಟುಡಿಯೋದ ಮುಂಬಾಗಿಲಿಗೆ ಬಣ್ಣ ಹೊಡೆಯಲು ಹೋದಾಗ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅವರಲ್ಲಿದ್ದ ಒಂದೇ ಅರಮನೆಯ ಮೆಟ್ಟಿಲುಗಳನ್ನು ಇಲಿ ತಿಂದಿತ್ತು.

"ನಾನು ಸರಿ ಮಾಡ್ಲಾ ಸಾರ್?"

"ನೀನು ಬಾಗಿಲಿಗೆ ಹೊಡೆಯೋನಲ್ವೇನೋ."

"ಅರಮನೆಗೂ ಬಾಗಿಲಿದೆಯಲ್ಲ ಸಾರ್."

ಯಜಮಾನರು ಪರದೆಯನ್ನು ತಂದು ಅವನ ಮುಂದೆ ಹಾಸಿದರು. ಅವನು ಹರಿದ ಜಾಗಕ್ಕೆ ತೇಪೆ ಹಾಕಿ, ಯಾರದೋ ಗೇಟಿಗೆ ಹೊಡೆದು ಮಿಕ್ಕಿದ್ದ ಹಸಿರು ಬಣ್ಣದಲ್ಲಿ ಮೆಟ್ಟಿಲು ಬರೆದ. ಯಜಮಾನರು ಹೌಹಾರಿದರು.

"ಮೆಟ್ಟಿಲು ಹಸಿರಾಯ್ತಲ್ಲೋ ಪುಣ್ಯಾತ್ಮ."

"ನಿಮ್ಮ ಫೋಟೋದಲ್ಲಿ ಹಸಿರು ಎಲ್ಲಿದೆ ಸಾರ್? ತೆಗೆದು ನೋಡಿ."

ಕಪ್ಪು ಬಿಳುಪಿನ ಕಾಲ ಅದು. ತೆಗೆದು ನೋಡಿದರು. ಫೋಟೋದಲ್ಲಿ ಅಮೃತಶಿಲೆಯಂಥ ಮೆಟ್ಟಿಲುಗಳು ಬಂದಿದ್ದವು. ಅವತ್ತೇ ಅವನು ಸ್ಟುಡಿಯೋದ ಪೇಂಟರ್ ಆದ. ಮುಂಬಾಗಿಲಿನ ಒಂದು ಕದ ಬಣ್ಣ ಕಾಣದೆ ಹಾಗೆಯೇ ಉಳಿಯಿತು.

ಕಣ್ಣನ್ನು ಅರ್ಧ ಮುಚ್ಚಿದರೆ ಬಣ್ಣ ಹಿಂದಕ್ಕೆ ಸರಿದು, ಬೆಳಕೆಷ್ಟು ನೆರಳೆಷ್ಟು ಎಂಬುದಷ್ಟೇ ಉಳಿಯುತ್ತದೆ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹಾಗೆ ನೋಡುತ್ತಾ ನೋಡುತ್ತಾ, ಮಿಕ್ಕಿದ ಯಾವ ಡಬ್ಬಿಯ ಬಣ್ಣದಿಂದ ಎಂಥ ಬೂದು ಹುಟ್ಟುತ್ತದೆ ಎಂಬುದು ಅವನಿಗೆ ಬಾಯಿಪಾಠವಾಯಿತು. ಶಾಲೆಯ ಗೇಟಿನ ನೀಲಿ ಅರಮನೆಯ ಕಂಬವಾಯಿತು. ಲಾರಿಯ ಕೆಂಪು ಕಂಬಗಳ ನಡುವಿನ ಕತ್ತಲೆಯಾಯಿತು. ಆಕಾಶಕ್ಕೆ ತಿಳಿಹಸಿರು, ಮೆಟ್ಟಿಲಿಗೆ ಬದನೆಕಾಯಿ ಬಣ್ಣ. ಅರಮನೆಗಳೆಲ್ಲ ನೋಡಲು ಹುಚ್ಚರ ಸಂತೆ, ಫೋಟೋದಲ್ಲಿ ಗಂಭೀರ.

ನನ್ನ ತಂಗಿ ಅವನನ್ನು ಮೊದಲು ನೋಡಿದ್ದು ಅಂಥದೊಂದು ಹಸಿರು ಆಕಾಶದ ಕೆಳಗೆ. ನನಗೆ ಪದವಿ ಬಂದಾಗ ಫೋಟೋ ತೆಗೆಸಲು ಅವಳೂ ಜೊತೆಗೆ ಬಂದಿದ್ದಳು. ಅವನು ಪಕ್ಕದಲ್ಲಿ ದೀಪ ಹಿಡಿದು, ಕಣ್ಣು ಕಿರಿದು ಮಾಡಿ ನಿಂತಿದ್ದ.

"ಅಕ್ಕ, ಆ ಮನುಷ್ಯನಿಗೆ ಕಣ್ಣುನೋವಾ, ಇಲ್ಲ ನನ್ನನ್ನ ನೋಡಿ ಹಾಗೆ ಮಾಡ್ತಿದ್ದಾನಾ?"

ಅವಳು ಪಿಸುಗುಟ್ಟಿದರೆ ಎದುರು ಬೀದಿಗೆ ಕೇಳಿಸುತ್ತದೆ. ಅವನೇ ಉತ್ತರ ಕೊಟ್ಟ. "ಎರಡೂ ಅಲ್ಲ. ನೀವು ಬೆಳಕಿಗೆ ಅಡ್ಡ ನಿಂತಿದ್ದೀರ."

ಮುಂದಿನ ವರ್ಷ ಮದುವೆಯಾಯಿತು. ಅವಳು ಇಂದಿಗೂ ಅಡ್ಡವೇ ನಿಂತಿದ್ದಾಳೆ.

ಅವನು ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗುವವರೆಗೆ ಸಂಸಾರವೂ ಸ್ಟುಡಿಯೋವೂ ಹೀಗೆ ಬೂದುಬಣ್ಣದಲ್ಲಿ ಸುಖವಾಗಿ ನಡೆದವು. ಆಮೇಲೆ ಬಣ್ಣದ ಫಿಲ್ಮು ಬಂತು. ಯಜಮಾನರು ಹೊಸ ಕ್ಯಾಮೆರಾ ತಂದು, ಗಾಜಿನ ಮೇಲೆ "ಇಲ್ಲಿ ಬಣ್ಣದಲ್ಲಿ" ಎಂದು ಬರೆಸಿದರು. ಮೊದಲ ಗಿರಾಕಿ ಒಬ್ಬ ಬಟ್ಟೆ ವ್ಯಾಪಾರಿ, ಹೆಂಡತಿ ಮತ್ತು ನಾಲ್ಕು ಮಕ್ಕಳೊಡನೆ ಬಂದ. ಯಜಮಾನರು ಎಂದಿನಂತೆ ಅರಮನೆ ಇಳಿಬಿಟ್ಟರು. ಅರೆಗಣ್ಣ ಎಂದಿನಂತೆ ದೀಪ ಹಿಡಿದ. ಆ ಪರದೆಯನ್ನು ಇಬ್ಬರೂ ದಿನಕ್ಕೆ ಹತ್ತು ಸಲ ನೋಡುತ್ತಿದ್ದರು. ಅದಕ್ಕೆ ಬಣ್ಣಗಳಿವೆ ಎಂಬುದನ್ನೇ ಮರೆತಿದ್ದರು. ಕಣ್ಣಿದ್ದೂ ಕುರುಡು ಎಂಬ ಮಾತಿಗೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ವ್ಯಾಪಾರಿಗೆ ಹೊಳೆದಿರಬಹುದು. ದೊಡ್ಡ ಸ್ಟುಡಿಯೋ, ಅವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದ.

ಫೋಟೋ ಬಂದಾಗ ಬದನೆಕಾಯಿ ಮೆಟ್ಟಿಲುಗಳ ಮೇಲೆ, ಪಾಚಿಗಟ್ಟಿದ ಆಕಾಶದ ಕೆಳಗೆ ಆರು ಜನ ನಗುತ್ತಾ ನಿಂತಿದ್ದರು. ವ್ಯಾಪಾರಿ ಬಹಳ ಹೊತ್ತು ನೋಡಿದ.

"ಸ್ವಾಮಿ," ಎಂದ, "ನಾವಿನ್ನೂ ಬದುಕಿದ್ದೀವಿ. ಅಷ್ಟು ಬೇಗ ಯಾಕೆ ಅಲ್ಲಿಗೆ ಕಳಿಸಿಬಿಟ್ರಿ?"

ಯಜಮಾನರು ಅರೆಗಣ್ಣನಿಗೆ ಎರಡು ತಿಂಗಳ ಗಡುವು ಕೊಟ್ಟರು. ಪರದೆಗಳನ್ನೆಲ್ಲ ನಿಜವಾದ ಬಣ್ಣದಲ್ಲಿ ಮತ್ತೆ ಬರೆಯಬೇಕು. ಅವನಿಗೆ ಆಗ ಮೂವತ್ತೆಂಟು. ಆಕಾಶದ ಬಣ್ಣ ಯಾವುದೆಂದು ಆ ವಯಸ್ಸಿನಲ್ಲಿ ಮನೆಯಿಂದ ಹೊರಗೆ ಬಂದು ನೋಡಿದ. ಅದು ಒಂದೊಂದು ಗಳಿಗೆಗೆ ಒಂದೊಂದಾಗಿತ್ತು. ಅದನ್ನು ನಂಬಿ ಕೂತರೆ ಗಡುವು ಮುಗಿಯುತ್ತದೆಂದು ಒಳಗೆ ಹೋದ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಬೆಳಕು ಒಂದೇ ಕಿಟಕಿಯಿಂದ ಬರುತ್ತಿತ್ತು, ಕಲಿಯಲು ಅಷ್ಟು ಸಾಕಾಗಿತ್ತು.

ಅಲ್ಲಿ ಅವನಿಗೆ ಗೊತ್ತಾದದ್ದು ಇಷ್ಟು: ಅಲ್ಯುಮಿನಿಯಮ್ ಪಾತ್ರೆ ಬೂದಲ್ಲ. ಕಿಟಕಿಯ ಕಡೆಗೆ ಅದು ನೀಲಿ, ಒಲೆಯ ಕಡೆಗೆ ಕಿತ್ತಳೆ, ನನ್ನ ತಂಗಿ ಹತ್ತಿರ ಬಂದರೆ ಅವಳ ಸೀರೆಯ ಬಣ್ಣ. ಮಸಿ ಹಿಡಿದ ತಳ ಕೂಡ ಕಪ್ಪಲ್ಲ. ಅದರಲ್ಲಿ ಕಂದು, ಅಂಚಿನಲ್ಲಿ ನೇರಳೆ. ಈ ಆವಿಷ್ಕಾರ ಅವನನ್ನು ಎಷ್ಟು ಹಿಡಿಯಿತೆಂದರೆ, ಒಂದು ಬೆಳಿಗ್ಗೆ ಹಾಲು ನೋಡಿಕೊಳ್ಳಿ ಎಂದು ಹೇಳಿ ಅವಳು ಬಾಗಿಲಿಗೆ ಹೋಗಿ ಬಂದಾಗ, ಹಾಲೆಲ್ಲ ಒಲೆಯ ಮೇಲೆ ಹರಿದಿತ್ತು. ಅವನು ಅಲ್ಲೇ ಇದ್ದ.

"ನೋಡ್ಕೊಳ್ಳಿ ಅಂದಿರಲಿಲ್ವಾ?"

"ನೋಡ್ತಾನೇ ಇದ್ದೆ ಕಣೇ. ಉಕ್ಕೋ ಮುಂಚೆ ಅಂಚಿನಲ್ಲಿ ಒಂದು ಹಳದಿ ಬರುತ್ತೆ, ನೀನು ಯಾವತ್ತಾದ್ರೂ ಗಮನಿಸಿದ್ದೀಯಾ?"

"ನಾನು ಗಮನಿಸ್ತಾ ನಿಂತಿದ್ರೆ ಈ ಮನೇಲಿ ಯಾರೂ ಹಾಲು ಕುಡೀತಿರಲಿಲ್ಲ."

ಗಡುವಿನೊಳಗೆ ಎರಡು ಅರಮನೆ, ತೋಟ, ಸಮುದ್ರ, ಪುಸ್ತಕದ ಕಪಾಟು ಎಲ್ಲವೂ ಸರಿಯಾದ ಬಣ್ಣಕ್ಕೆ ಬಂದವು. ಯಜಮಾನರು ತೃಪ್ತರಾದರು, ಅವನು ಆಗಲಿಲ್ಲ. ಈ ಅರಮನೆಗಳನ್ನು ತಾನು ಎಂದೂ ನೋಡಿದವನಲ್ಲ ಎಂಬ ಸರಳ ಸಂಗತಿ ಅವನನ್ನು ಕೊರೆಯತೊಡಗಿತು. ಮುಂದಿನ ಎಂಟೊಂಬತ್ತು ವರ್ಷ ಅರಮನೆ ಬರೆಯುತ್ತಲೇ ಅಡುಗೆಮನೆಯನ್ನು ನೋಡಿದ. ಕೊನೆಗೊಮ್ಮೆ ಹತ್ತಡಿ ಅಗಲದ ಬಟ್ಟೆಗೆ ಅಂಟು ಬಳಿದು, ಸ್ಟುಡಿಯೋದ ಹಿಂದಿನ ಶೆಡ್ಡಿನಲ್ಲಿ ಕಟ್ಟಿ, ರಜೆಯ ದಿನಗಳಲ್ಲಿ ಮಾತ್ರ ಬರೆಯುತ್ತಾ ಹನ್ನೊಂದು ತಿಂಗಳಲ್ಲಿ ತನ್ನ ಮನೆಯ ಅಡುಗೆಮನೆಯನ್ನು ಮುಗಿಸಿದ. ಕಿಟಕಿ, ಒಲೆ, ಬೋರಲು ಹಾಕಿದ ಪಾತ್ರೆಗಳ ಸಾಲು, ಡಬ್ಬಿಗಳು, ಗೋಡೆಯ ಮೊಳೆಗೆ ಸೌಟು, ಒಲೆಯ ಪಕ್ಕ ಒಂದು ಮಸಿಬಟ್ಟೆ.

ಅದನ್ನು ತೋರಿಸಲು ಹೆಂಡತಿಯನ್ನೂ ನನ್ನನ್ನೂ ಕರೆದ. ತಂಗಿ ಎಡದಿಂದ ಬಲಕ್ಕೆ ತಪಾಸಣೆ ನಡೆಸಿ ಮಸಿಬಟ್ಟೆಯ ಹತ್ತಿರ ನಿಂತಳು.

"ಇದನ್ನ ಯಾಕೆ ಬರೆದ್ರಿ?"

"ಅದು ಅಲ್ಲೇ ಇತ್ತಲ್ಲ."

"ನಾನೂ ಅಲ್ಲೇ ಇದ್ದೆ. ನನ್ನನ್ನ ಬಿಟ್ಟು ಮಸಿಬಟ್ಟೆ ಬರೆದಿದ್ದೀರ. ಪೇಟೆಯವರೆಲ್ಲ ನೋಡಿ, ಇವಳು ಬಟ್ಟೆ ಒಗೆಯೋದೇ ಇಲ್ಲ ಅಂದ್ಕೊಳ್ಳಲಿ ಅಂತಾನಾ? ಇದನ್ನ ಒಗೆದು ಬರೀರಿ."

"ಒಗೆದ್ರೆ ಅದು ಮಸಿಬಟ್ಟೆ ಹೇಗಾಗುತ್ತೆ?"

ಮೂರು ದಿನ ಮಾತು ನಿಂತಿತು. ಬಟ್ಟೆ ಪರದೆಯಲ್ಲಿ ಹಾಗೆಯೇ ಇತ್ತು.

ಅಡುಗೆಮನೆಯ ಮುಂದೆ ನಿಲ್ಲಲು ದುಡ್ಡು ಕೊಡುವವರಾರು ಎಂದು ಯಜಮಾನರು ಬೇರೆ ರೀತಿಯಲ್ಲಿ ಗಾಬರಿಯಾದರು. ಆದರೂ ಹಳೆಯ ಮುಲಾಜಿಗೆ ಆ ಪರದೆಯನ್ನು, ಪರದೆ ಸುತ್ತುವ ಬಿದಿರ ಗಳುಗಳಲ್ಲಿ ಆರನೆಯದಕ್ಕೆ ಸುತ್ತಿ, ಉಳಿದವುಗಳ ಜೊತೆ ತೂಗುಹಾಕಲು ಒಪ್ಪಿದರು. ಮೊದಲ ವಾರವೇ ಒಬ್ಬ ಗೃಹಿಣಿ ಅದನ್ನು ನೋಡಿ ಹೇಳಿದ ಮಾತು ಸ್ಟುಡಿಯೋದಲ್ಲಿ ಗಾದೆಯಾಯಿತು: "ಒಂದು ಗಂಟೆ ಬಿಡುವು ಮಾಡ್ಕೊಂಡು, ಮುಖಕ್ಕೆ ಪೌಡರ್ ಹಚ್ಕೊಂಡು ಇಲ್ಲಿಗೆ ಬಂದ್ರೆ, ತಿರುಗಿ ಅಲ್ಲಿಗೇ ನೂಕ್ತೀರಲ್ಲ." ಆಮೇಲೆ ಬಂದವರೂ ಅದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳಿದರು. ಹಿತ್ತಲ ಗಿಡ ಮದ್ದಲ್ಲ. ಅಡುಗೆಮನೆಯಂತೂ ಹಿತ್ತಲಿಗಿಂತ ಹತ್ತಿರ.

ಅವನಿಗೆ ಬೇಕಿದ್ದದ್ದು ಹೆಚ್ಚೇನಲ್ಲ. ಒಬ್ಬರು, ಒಬ್ಬರೇ ಒಬ್ಬರು ಸಾಕು, ಎಲ್ಲ ಪರದೆಗಳನ್ನು ನೋಡಿ, ಯಾರೂ ಹೇಳದೆ, ತಾವಾಗಿಯೇ ಇದರ ಮುಂದೆ ನಿಲ್ಲಬೇಕು. ಯಜಮಾನರು ಒಮ್ಮೆ ಇದಕ್ಕೆ ಅರ್ಧ ದರ ಎಂದು ಬೋರ್ಡು ಹಾಕೋಣವೇ ಎಂದರು. ಅವನು ಬೇಡವೆಂದ. ಅಗ್ಗಕ್ಕೆ ನಿಂತವರು ಅಗ್ಗದ ಮುಂದೆ ನಿಂತ ಹಾಗೆ, ಚಿತ್ರದ ಮುಂದೆ ಅಲ್ಲ ಎಂಬುದು ಅವನ ವಾದ. ನಾನು ನಿಲ್ಲುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ.

"ನೀವು ನನ್ನ ಮುಖ ನೋಡ್ಕೊಂಡು ನಿಲ್ತೀರಿ ಅತ್ತಿಗೆ. ಅಲ್ದೆ ನೀವು ಅಡುಗೆಮನೆಗೆ ಹೋಗೋದೇ ನೀರು ಕುಡಿಯೋಕೆ."

ಎರಡನೆಯ ಕಾರಣ ಸರಿಯಾಗಿಯೇ ಇತ್ತು.

ಒಂಬತ್ತು ವರ್ಷ ಹೀಗೆ ಕಳೆಯಿತು. ಅವನ ಕೂದಲು ಬೆಳ್ಳಗಾಯಿತು. ಯಜಮಾನರ ಮಗ ಸ್ಟುಡಿಯೋ ವಹಿಸಿಕೊಂಡ. ಗಿರಾಕಿಗಳನ್ನು ಬರೀ ಬಿಳಿಗೋಡೆಯ ಮುಂದೆ ನಿಲ್ಲಿಸಿ, ಬೇಕಾದ ಅರಮನೆಯನ್ನು ಕಂಪ್ಯೂಟರಿನಲ್ಲೇ ಕೂರಿಸಬಹುದು ಎಂದು ಅವನು ಕಲಿತು ಬಂದಿದ್ದ. ತಿಂಗಳ ಕೊನೆಗೆ ಗಳುಗಳನ್ನೆಲ್ಲ ಕಳಚುವುದಾಗಿ ಅರೆಗಣ್ಣನಿಗೆ ಮರ್ಯಾದೆಯಿಂದಲೇ ಹೇಳಿದ. ಪರದೆ ಬರೆಯುವ ಕೆಲಸವೂ ಅಲ್ಲಿಗೆ ಮುಗಿಯಿತು. ಅರಮನೆ ಹೋಗುವುದಕ್ಕೆ ಅರೆಗಣ್ಣನಿಗೆ ಬೇಸರವಾಗಲಿಲ್ಲ. ಉಳಿದ ಇಪ್ಪತ್ತಾರು ದಿನಗಳಲ್ಲಿ ಆರನೆಯ ಗಳುವಿನ ಮುಂದೆ ಯಾರಾದರೂ ನಿಲ್ಲುತ್ತಾರೆಯೇ ಎಂಬುದೊಂದೇ ಅವನ ಚಿಂತೆ. ಊಟದಲ್ಲಿ ಮನಸ್ಸಿರಲಿಲ್ಲ. ತಟ್ಟೆಯ ಅಂಚಿನ ಬೆಳಕನ್ನು ಸಹ ನೋಡುತ್ತಿರಲಿಲ್ಲ ಎಂದು ತಂಗಿ ನನಗೆ ಹೇಳಿದಳು. ಇದು ಅವಳಿಗೆ ನಿಜವಾಗಿಯೂ ಭಯ ಹುಟ್ಟಿಸಿತ್ತು.

ಮುಂದಿನ ವಾರ ಪಕ್ಕದ ಮನೆಯಾಕೆ ಸ್ಟುಡಿಯೋಗೆ ಬಂದಳು. ಜೀವನದಲ್ಲಿ ಫೋಟೋ ತೆಗೆಸಿಕೊಳ್ಳದ ಹೆಂಗಸು ಒಳಗೆ ಬಂದವಳೇ, "ಆ ಮಸಿಬಟ್ಟೆ ಇರೋದು ಯಾವುದು? ಅದೇ ಕೊಡಿ," ಎಂದಳು. ಆರನೆಯ ಗಳು ಆಗ ಇನ್ನೂ ಸುತ್ತಿಯೇ ಇತ್ತು. ಅರೆಗಣ್ಣ ಆಕೆಯನ್ನು ಸಮುದ್ರದ ಮುಂದೆ ನಿಲ್ಲಿಸಿ ಫೋಟೋ ತೆಗೆಸಿ ಕಳಿಸಿದ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೇಳಿದ.

"ಪಕ್ಕದ ಮನೆಯವರನ್ನ ಕಳಿಸಿದ್ಯಾ?"

"ನಾನ್ಯಾಕೆ ಕಳಿಸ್ಲಿ. ಅವರಿಗೆ ಕಾಲಿಲ್ವಾ?"

"ಕಾಲಿದೆ. ಬಾಯಿಗೆ ನೀನು ಹೇಳಿಕೊಟ್ಟಿದ್ದೀಯ."

ತಂಗಿ ಅವನ ಚಪ್ಪಲಿಗಳನ್ನು ಗೋಡೆಯ ಬದಿಗೆ ಜೋಡಿಸಿಟ್ಟಳು. ಆಮೇಲೆ, "ಇನ್ನೂ ಇಬ್ಬರಿಗೆ ಹೇಳಿದ್ದೀನಿ, ಬೇಡ ಅಂತೀನಿ ಬಿಡಿ," ಎಂದಳು.

"ನಿನಗೆ ಆ ಬಟ್ಟೆ ಕಂಡ್ರೆ ಆಗ್ತಿರಲಿಲ್ಲ."

"ಈಗಲೂ ಆಗಲ್ಲ. ಅದಕ್ಕೆ ನೀವು ಅನ್ನ ಬಿಡಬೇಕಾ?"

ಗಳು ಕಳಚಲು ಮೂರು ದಿನ ಉಳಿದಿದ್ದಾಗ, ಮಧ್ಯಾಹ್ನ, ಎತ್ತರದ ಒಬ್ಬ ಹೆಂಗಸು ಒಬ್ಬಳೇ ಬಂದಳು. ಅರವತ್ತರ ಹತ್ತಿರದ ವಯಸ್ಸು, ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು. ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ ಆ ವಾರ ನಿವೃತ್ತಳಾಗಿದ್ದಳು. ಮನೆಯ ಗೋಡೆಗೆ ಹಾಕಲು ಒಂದು ದೊಡ್ಡ ಫೋಟೋ ಬೇಕೆಂದಳು. ಚಿಕ್ಕ ಯಜಮಾನ ಅರಮನೆ ಇಳಿಸಿದ.

"ಇಲ್ಲಿ ನಿಂತ್ರೆ ಕಸ ಗುಡಿಸೋಕೆ ಬಂದವಳ ಹಾಗೆ ಕಾಣ್ತೀನಿ," ಎಂದಳು.

ತೋಟ ಇಳಿಸಿದ. "ಬಿಸಿಲಲ್ಲಿ ನಿಂತು ಏನು ಮಾಡ್ಲಿ?" ಪುಸ್ತಕದ ಕಪಾಟು ಇಳಿಸಿದ. "ನಂದಲ್ಲದ್ದು ಬೇಡ." ಸಮುದ್ರವನ್ನು ಅವಳು ನೋಡಲೂ ಇಲ್ಲ. ಕೊನೆಯ ಗಳುವಿನ ಕಡೆ ಕೈ ತೋರಿಸಿದಳು. "ಅದೇನು ಸುತ್ತಿಟ್ಟಿರೋದು?"

"ಅದು ಯಾರಿಗೂ ಹಿಡಿಸಲ್ಲ ಅಮ್ಮ."

"ನನಗೆ ಹಿಡಿಸಬೇಕೋ ಬೇಡ್ವೋ ನಾನು ಹೇಳ್ತೀನಿ. ಬಿಡಿಸಪ್ಪ."

ಅರೆಗಣ್ಣ ಮೂಲೆಯಿಂದ ಎದ್ದು ಬಂದು ತಾನೇ ಹಗ್ಗ ಬಿಚ್ಚಿದ. ಅಡುಗೆಮನೆ ಇಳಿಯಿತು. ಹೆಂಗಸು ಹತ್ತಿರ ಹೋಗಿ ಪಾತ್ರೆಗಳನ್ನು ಎಣಿಸುವವಳಂತೆ ನೋಡಿದಳು. ಅವನಿಗೆ ತಡೆಯಲಾಗಲಿಲ್ಲ.

"ನಮ್ಮ ಮನೆಯವಳು ಕಳಿಸಿದ್ಲಾ ನಿಮ್ಮನ್ನ?"

"ನಿಮ್ಮ ಮನೆಯವಳು ಯಾರು? ನಾನು ಆಸ್ಪತ್ರೆಯಿಂದ ನೇರ ಬರ್ತಿದ್ದೀನಿ." ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಇದನ್ನ ಬರೆದವರು ಯಾರು?"

"ನಾನೇ."

"ಸೌಟು ಒಲೆಯ ಎಡಗಡೆ ಇದೆ. ಕೈಗೆಟುಕೋದು ಹೇಗೆ? ಯಾವ ಅಡುಗೆಯವಳೂ ಹಾಗೆ ಇಡಲ್ಲ."

"ನನ್ನ ಹೆಂಡತಿ ಎಡಚಿ."

ಅವಳು ಮೊದಲ ಸಲ ತಿರುಗಿ ಅವನ ಮುಖ ನೋಡಿದಳು. "ಹಾಗಿದ್ರೆ ಸರಿ. ಇದು ಯಾರದೋ ಅಡುಗೆಮನೆ ಹೌದು. ಸುಮ್ಮನೆ ಬರೆದಿದ್ದಲ್ಲ."

ಆಮೇಲೆ ಅವಳು ಚೀಲವನ್ನು ಕುರ್ಚಿಯ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಿಕ್ಕ ಯಜಮಾನ, "ಅಮ್ಮ, ಅರಮನೆಯಲ್ಲೂ ಒಂದು ತೆಗೀತೀನಿ, ಆಮೇಲೆ ಬೇಜಾರು ಮಾಡ್ಕೋಬಾರದು," ಎಂದ.

"ಏನಪ್ಪ, ದಿನಾ ನಾನೂರು ಜನಕ್ಕೆ ಬೇಯಿಸಿದ್ದೀನಿ. ಡಾಕ್ಟ್ರು ಕೂಡ ಆ ಬಾಗಿಲಲ್ಲಿ ನಿಂತು, ಒಳಗೆ ಬರ್ಲಾ ಅಂತ ನನ್ನ ಕೇಳೋರು. ಅದನ್ನ ಬಿಟ್ಟು ಯಾರದೋ ಮೆಟ್ಟಿಲ ಮೇಲೆ ಯಾಕೆ ನಿಲ್ಲಲಿ?" ಎಂದು, ಒಲೆಯ ಮುಂದೆ ನಿಂತಳು. ಮತ್ತೆ ಒಂದು ಹೆಜ್ಜೆ ಬಲಕ್ಕೆ ಸರಿದಳು. "ಆ ಮಸಿಬಟ್ಟೆ ಮುಚ್ಚಿಹೋಗಬಾರದು. ಅದಿಲ್ಲದಿದ್ರೆ ನನ್ನ ಜೊತೆಯವರು ಯಾರೂ ನಂಬಲ್ಲ."

ದೀಪ ಹಿಡಿಯುವುದು ಎಂದಿನಂತೆ ಅರೆಗಣ್ಣನ ಕೆಲಸ. ಅವನು ಅವಳನ್ನೇ ನೋಡುತ್ತಾ ದೀಪವನ್ನು ಅತ್ತಿತ್ತ ತಿರುಗಿಸಿದ್ದರಿಂದ ಚಿಕ್ಕ ಯಜಮಾನ ಮೂರು ಸಲ ತೆಗೆಯಬೇಕಾಯಿತು. ಹೆಂಗಸಿಗೆ ಸಿಟ್ಟು ಬಂತು. "ನನ್ನ ಕೈಕೆಳಗೆ ಇದ್ದಿದ್ರೆ ನಿಮ್ಮನ್ನ ಪಾತ್ರೆ ತೊಳೆಯೋಕೆ ಹಾಕ್ತಿದ್ದೆ," ಎಂದಳು. ಅವನು ಇದನ್ನು ಜೀವನದಲ್ಲಿ ತನಗೆ ಸಿಕ್ಕ ದೊಡ್ಡ ಪ್ರಶಸ್ತಿಯೆಂಬಂತೆ ಮನೆಗೆ ಹೊತ್ತು ತಂದ.

ತಂಗಿ ಅವನ ಮುಖ ನೋಡುತ್ತಲೇ ಹೇಳಿದಳು. "ನಾನು ಯಾರನ್ನೂ ಕಳಿಸಿಲ್ಲ."

"ಗೊತ್ತು. ಆಕೆ ನಿನ್ನ ಸೌಟಿನಲ್ಲಿ ತಪ್ಪು ಹುಡುಕಿದ್ಲು."

"ನನ್ನ ಸೌಟಿಗೇನಾಗಿದೆ?" ಎಂದು ತಂಗಿ ತಕ್ಷಣ ಆ ಅಡುಗೆಯವಳ ಮೇಲೆ ಯುದ್ಧ ಸಾರಿದಳು. ಅವನು ಎರಡು ಸಲ ಬಡಿಸಿಕೊಂಡು ಊಟ ಮಾಡಿದ.

ಗಳುಗಳು ಕಳಚಿದವು. ಅಡುಗೆಮನೆಯ ಪರದೆಯನ್ನು ಆಸ್ಪತ್ರೆಯ ಅಡುಗೆಯವರು ಕೇಳಿ ತೆಗೆದುಕೊಂಡು ಹೋಗಿ, ತಮ್ಮ ಊಟದ ಕೋಣೆಯ ಗೋಡೆಗೆ ಮೊಳೆ ಹೊಡೆದರು. ಅಲ್ಲಿ ಅದರ ಮೇಲೆ ದೇವರ ಪಟಕ್ಕೆ ಕೂರುವಂಥ ಸಾಂಬ್ರಾಣಿ ಹೊಗೆಯಲ್ಲ, ಒಲೆಯ ಹೊಗೆಯೇ ಕೂರುತ್ತಿದೆ. ಅವನು ಹೋಗಿ ನೋಡಿ, ಚೆನ್ನಾಗಿ ಮಾಗುತ್ತಿದೆ ಎಂದು ಹೇಳಿ ಬಂದ.

ಆ ಫೋಟೋದ ಮಾರನೆಯ ದಿನದಿಂದ ಅವನು ಮೊಳದುದ್ದದ ಪ್ಲೈವುಡ್ ತುಂಡುಗಳ ಮೇಲೆ ಬರೆಯತೊಡಗಿದ. ಬಾಗಿಲ ಚಿಲಕ, ಒದ್ದೆ ಚಪ್ಪಲಿಗಳು, ಮಡಿಸದ ಹೊದಿಕೆ, ಇಸ್ತ್ರಿಪೆಟ್ಟಿಗೆ. ಈ ಹದಿಮೂರು ವರ್ಷಗಳಲ್ಲಿ ಇನ್ನೂರು ದಾಟಿವೆ. ಕೇಳಿದವರಿಗೆ ಕೊಡುತ್ತಾನೆ, ಕೇಳದಿದ್ದರೆ ಮಂಚದ ಕೆಳಗೆ ಇಡುತ್ತಾನೆ. ಒಬ್ಬರಾದರೂ ಬಂದು ನಿಲ್ಲಲಿ ಎಂದು ಕಾಯುವ ಕೆಲಸ ಮುಗಿದಿದೆ. ಎಲ್ಲವೂ ಒಳ್ಳೆಯ ಚಿತ್ರಗಳೆಂದು ನಾನು ಹೇಳಲಾರೆ. ಇಸ್ತ್ರಿಪೆಟ್ಟಿಗೆ ದೋಣಿಯ ಹಾಗಿದೆ. ಚಪ್ಪಲಿಗಳು ಮಾತ್ರ ನನ್ನ ಓದುವ ಮೇಜಿನ ಎದುರಿಗಿವೆ, ಅವನ್ನು ನಾನು ಕೇಳಿಯೇ ತಂದದ್ದು.

ಮೊನ್ನೆ ತಂಗಿ ಫೋನು ಮಾಡಿದಳು.

"ಬೆಳಿಗ್ಗೆ ಎಂಟಕ್ಕೆ ಬಚ್ಚಲಿಗೆ ಹೋದೋರು, ಹತ್ತಾಯ್ತು, ಇನ್ನೂ ಬಾಗಿಲು ತೆಗೆದಿಲ್ಲ ಅಕ್ಕ. ಬಕೆಟ್ಟಿನ ನೀರಲ್ಲಿ ಬೆಳಕು ಕೂತಿದೆಯಂತೆ, ಅಲ್ಲಾಡಿಸಬಾರದಂತೆ. ನಾನು ಪಕ್ಕದ ಮನೇಲಿ ಮುಖ ತೊಳೆದು ಬಂದೆ."

"ಚಿತ್ರ ಹೇಗೆ ಬರ್ತಿದೆ?"

"ಬಾಗಿಲ ಸಂದಿಯಿಂದ ನೋಡಿದೆ. ನೀರು ಪರವಾಗಿಲ್ಲ, ಬಕೆಟ್ಟಿನ ಹಿಡಿ ಸೊಟ್ಟ ಆಗಿದೆ. ಹೇಳಿದ್ರೆ ಕೇಳಲ್ಲ. ಇರು, ಇನ್ನೊಂದು ಸಲ ಹೇಳಿ ಬರ್ತೀನಿ."